ಕೆಂಪು ಮೈನಸ್ ಎರಡು

ಜೂನ್ 2

ಗಣಿತದ ಮಹಾಮೇಡಂ ಆದ ನನ್ನ ನಾದಿನಿಗೆ ಭಾವನ ಆಶೀರ್ವಾದಗಳು.

ನನ್ನ ಕೈಬರಹ ನೋಡಿ ಮೊದಲು ನೀನು ಕನ್ನಡಕ ಒರೆಸಿಕೊಳ್ಳುತ್ತೀಯ. ಆಮೇಲೆ, ಮನೆಯಲ್ಲಿ ಯಾರಿಗೇನಾಯಿತೋ ಎಂದು ಎದೆ ಹಿಡಿದುಕೊಳ್ಳುತ್ತೀಯ. ಯಾರಿಗೂ ಏನೂ ಆಗಿಲ್ಲ. ನಿನ್ನ ಅಕ್ಕ ಕ್ಷೇಮ. ನನ್ನ ಮೇಲೆ ರೇಗಲು ಬೇಕಾದ ಶಕ್ತಿ ಅವಳಲ್ಲಿ ಇನ್ನೂ ಧಾರಾಳವಾಗಿದೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಾಟಕಮಂದಿರದ ಫೋನು ಮ್ಯಾನೇಜರ್ ಸಾಹೇಬರ ಮೇಜಿನ ಮೇಲಿದೆ, ಮನೆಯ ಫೋನು ನಿನ್ನ ಅಕ್ಕನ ಕಿವಿಯ ಪಕ್ಕದಲ್ಲಿದೆ. ಈ ವಿಷಯ ಇಬ್ಬರಿಗೂ ಬೇಡ. ನೀನೂ ಉತ್ತರವನ್ನು ಮಂದಿರದ ಹಿಂಬಾಗಿಲಿಗೇ ಬರೆ. ಮುಂಬಾಗಿಲಿಗೆ ಬಂದ ಕಾಗದವೆಲ್ಲ ಉಡುಪಿನ ಕೋಣೆ ದಾಟಿಕೊಂಡು ಬರುತ್ತದೆ, ಉಡುಪಿನ ಕೋಣೆಯಲ್ಲಿ ಸೂಜಿ ಹಿಡಿದು ಕೂತವಳು ಯಾರೆಂದು ನಿನಗೆ ಗೊತ್ತೇ ಇದೆ.

ವಿಷಯ ಇಷ್ಟು. ನಮ್ಮಲ್ಲೊಂದು ಸಾವಾಗಿದೆ. ಗಾಬರಿಯಾಗಬೇಡ, ಸತ್ತದ್ದು ಗಾಜು.

ರಾಣಿ ಕೊಳಕ್ಕೆ ಹಾರುವ ನಾಟಕ ನೀನು ನೋಡಿದ್ದೀಯಲ್ಲ? ಮೂರನೇ ಅಂಕದಲ್ಲಿ ಇಡೀ ರಂಗ ಕೊಳದ ತಳವಾಗುತ್ತದೆ. ಒಂದು ಹನಿ ನೀರಿಲ್ಲ, ನೀರೆಲ್ಲ ನನ್ನದು. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ, ಎರಡರ ಮುಂದೆಯೂ ಅಂಗೈ ಅಗಲದ ದಪ್ಪ ಗಾಜು. ಅತ್ತ ಹಸಿರಲ್ಲ, ಇತ್ತ ನೀಲಿಯಲ್ಲ, ನೋಡಿದರೆ ಉಸಿರು ಕಟ್ಟಬೇಕು, ಅಂಥ ಬಣ್ಣ. ಇಪ್ಪತ್ತೆರಡು ವರ್ಷದಿಂದ ಆ ಜೋಡಿ ನನ್ನ ಕೈಯಲ್ಲಿತ್ತು. ಹೋದ ವಾರ ಬಲಗಡೆಯದು ತೀರಿಕೊಂಡಿತು. ಮಂದಿರದ ಬೆಕ್ಕು ಕಪಾಟಿನ ಮೇಲೆ ಹಾರಿತು, ಗಾಜು ಕೆಳಗೆ ಹಾರಿತು. ಮಾಡಿದ ಕಾರ್ಖಾನೆ ಮುಚ್ಚಿಹೋಗಿ ಹತ್ತು ವರ್ಷವಾಯಿತು. ಅಂಗಡಿಗಳಲ್ಲಿ ಕೇಳಿದರೆ ಒಬ್ಬ ಆಕಾಶ ಕೊಟ್ಟ, ಇನ್ನೊಬ್ಬ ಪಾಚಿ ಕೊಟ್ಟ.

ಕೊನೆಗೆ ಸಾಹೇಬರು ಬಲಗಡೆಗೆ ಒಂದೇ ಒಂದು ಹೊಸ ದೀಪ ತಂದುಕೊಟ್ಟಿದ್ದಾರೆ. ಅದರ ಹೊಟ್ಟೆಯಲ್ಲಿ ಕೆಂಪು, ಹಸಿರು, ನೀಲಿ. ಮೂರಕ್ಕೂ ಮೇಲೆ ಕೆಳಗೆ ಸರಿಸುವ ಒಂದೊಂದು ಗುಂಡಿ, ಪಕ್ಕದಲ್ಲಿ ಸೊನ್ನೆಯಿಂದ ಹತ್ತರವರೆಗೆ ಗೆರೆ. ಲೋಕದ ಎಲ್ಲ ಬಣ್ಣವೂ ಇದರಲ್ಲಿ ಬರುತ್ತದಂತೆ. ನಾಲ್ಕು ದಿನದಿಂದ ಸರಿಸುತ್ತಿದ್ದೇನೆ. ಬರುತ್ತದೆ, ನನಗೆ ಬೇಕಾದ ಒಂದನ್ನು ಬಿಟ್ಟು ಎಲ್ಲವೂ ಬರುತ್ತದೆ. ರಾಣಿಯ ಎಡಗೆನ್ನೆ ಕೊಳದಲ್ಲಿದೆ, ಬಲಗೆನ್ನೆ ಹಲ್ಲುಪುಡಿಯ ಜಾಹೀರಾತಿನಲ್ಲಿದೆ.

ಬೆಳಕು ಬೆರೆಸುವುದೂ ಒಂದು ಲೆಕ್ಕ, ವೆಕ್ಟರ್ ಲೆಕ್ಕ ಎಂದು ನೀನೊಮ್ಮೆ ಊಟಕ್ಕೆ ಕೂತಾಗ ಹೇಳಿದ್ದೆ. ಆಗ ನನ್ನ ಗಮನ ತಟ್ಟೆಯ ಮೇಲಿತ್ತು. ಈಗ ಇನ್ನೊಮ್ಮೆ ಹೇಳು. ನಾಟಕ ಇಪ್ಪತ್ತೊಂಬತ್ತಕ್ಕೆ. "ಎಡ ಬಲ ಒಂದೇ ಥರ ಕಾಣ್ಲೇಬೇಕು, ಇಲ್ಲಾಂದ್ರೆ ನಿಮ್ಮ ಕುರ್ಚಿ ಬಗ್ಗೆ ಯೋಚಿಸ್ಬೇಕಾಗುತ್ತೆ" ಎಂದಿದ್ದಾರೆ ಸಾಹೇಬರು. ಕುರ್ಚಿಯ ಒಂದು ಕಾಲು ಅಲುಗಾಡುವುದು ಅವರ ಗಮನಕ್ಕೂ ಬಂದಿದೆಯಲ್ಲ ಎಂದು ಸಂತೋಷವಾಯಿತು.

ಸುಮ್ಮನೆ ಸಾಮಾನ್ಯ ಜ್ಞಾನಕ್ಕೆ ಕೇಳಿದೆ, ಅವಸರವೇನಿಲ್ಲ. ಮರುಟಪಾಲಿಗೆ ಬರೆ.

ನಿನ್ನ ಭಾವ


ಜೂನ್ 6

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಮೃತ ಗಾಜಿನ ಕುಟುಂಬಕ್ಕೆ ನನ್ನ ಸಂತಾಪ ತಿಳಿಸಿ. ಕುರ್ಚಿಯ ಕಾಲಿಗೆ ಮಡಚಿದ ರಟ್ಟು ಇಟ್ಟರೆ ಸರಿಹೋಗುತ್ತದೆ, ಅದಕ್ಕೆ ಗಣಿತ ಬೇಡ.

ಮುಖ್ಯ ವಿಷಯಕ್ಕೆ ಬರುತ್ತೇನೆ. ವೆಕ್ಟರ್ ಎಂದರೆ, ಎಷ್ಟು ಎನ್ನುವುದರ ಜೊತೆಗೆ ಯಾವ ಕಡೆಗೆ ಎಂದೂ ಹೇಳುವ ಬಾಣ. ನಿಮ್ಮ ರಂಗದ ಒಂದು ಮೂಲೆಯಲ್ಲಿ ನಿಂತುಕೊಳ್ಳಿ. ಅದು ಸೊನ್ನೆ, ಅಂದರೆ ಕತ್ತಲು. ಬಲಕ್ಕೆ ನಡೆಯುವುದು ಕೆಂಪು. ಮುಂದಕ್ಕೆ ನಡೆಯುವುದು ಹಸಿರು. ಏಣಿ ಹತ್ತುವುದು ನೀಲಿ. ಈಗ ಆ ಕೋಣೆಯ ಯಾವ ಜಾಗವನ್ನು ಮುಟ್ಟಬೇಕಾದರೂ ಇಷ್ಟು ಹೆಜ್ಜೆ ಕೆಂಪು, ಇಷ್ಟು ಹಸಿರು, ಇಷ್ಟು ಮೆಟ್ಟಿಲು ನೀಲಿ ಎಂದರೆ ಮುಗಿಯಿತು. ಒಂದೊಂದು ಬಾಣವನ್ನೂ ಬೇಕಾದಷ್ಟು ಪಟ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ, ಒಂದರ ತುದಿಗೆ ಇನ್ನೊಂದನ್ನು ಸೇರಿಸುವುದಕ್ಕೆ ರೇಖೀಯ ಸಂಯೋಜನೆ ಎಂದು ಹೆಸರು. ಹೆದರಬೇಡಿ. ನೀವು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವುದಕ್ಕೆ ನಾವು ಕರಿಹಲಗೆಯ ಮುಂದೆ ನಿಂತು ಹೆಸರಿಡುತ್ತೇವೆ, ಅಷ್ಟೆ.

ಹಾಗಾಗಿ ನನಗೆ ಬೇಕಾದದ್ದು ಎರಡು. ಒಂದು, ಹೊಸ ದೀಪದ ಜೊತೆ ಡಬ್ಬದಲ್ಲಿ ಬಂದ ಹಾಳೆ. ಅದರಲ್ಲಿ ಮೂರು ಬಾಣಗಳ ಅಂಕಿ ಇರುತ್ತದೆ. ನೀವು ಅದನ್ನು ಎಸೆದಿರುತ್ತೀರಿ, ಕಸದ ಬುಟ್ಟಿಯಲ್ಲಿ ಹುಡುಕಿ. ಇನ್ನೊಂದು, ಸತ್ತ ಗಾಜಿನ ಚೂರು. ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರ ಬಳಿ ಬಣ್ಣ ಅಳೆಯುವ ಹಳೇ ಯಂತ್ರವಿದೆ. ಯಾರಾದರೂ ಕೇಳಲಿ ಎಂದು ಅವರು ಹನ್ನೊಂದು ವರ್ಷದಿಂದ ಕಾಯುತ್ತಿದ್ದಾರೆ.

ಈ ವಯಸ್ಸಿನಲ್ಲಿ ನಿಮಗೆ ಕಲಿಯುವ ಹುಮ್ಮಸ್ಸು ಬಂದದ್ದು ನೋಡಿ ಕಣ್ಣು ತುಂಬಿ ಬಂತು.

ನಿಮ್ಮ ನಾದಿನಿ


ಜೂನ್ 9

ಮೇಡಂ ಅವರಿಗೆ,

ಹಾಳೆ ಸಿಕ್ಕಿತು. ಎಸೆದಿರಲಿಲ್ಲ, ಅಲುಗಾಡುವ ಕುರ್ಚಿಯ ಕಾಲಿನ ಕೆಳಗೆ ಆಗಲೇ ಇಟ್ಟಿದ್ದೆ. ಅದರ ಜೊತೆ ಚೂರನ್ನೂ ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ, ಕೈ ಕುಯ್ದುಕೊಳ್ಳಬೇಡ.

ನೀನು ಹೇಳಿದಂತೆ ಮಾಡಿ ನೋಡಿದೆ. ಮೂಲೆಯಲ್ಲಿ ನಿಂತು ಬಲಕ್ಕೆ ನಾಲ್ಕು ಹೆಜ್ಜೆ, ಮುಂದಕ್ಕೆ ಐದು ಹೆಜ್ಜೆ, ಆಮೇಲೆ ಏಣಿ. ಅಷ್ಟರಲ್ಲಿ ರಾಣಿಯ ಪಾತ್ರದ ಹಿರಿಯ ನಟಿ ತಾಲೀಮಿಗೆ ಬಂದರು. "ಏನ್ರೀ ದೀಪದಣ್ಣ, ಖಾಲಿ ಏಣಿ ಹತ್ತಿ ಏನ್ ಹುಡುಕ್ತಿದ್ದೀರಾ?" ಎಂದರು. "ಸ್ವಲ್ಪ ನೀಲಿ ಕಡೆ ಹೊರಟಿದ್ದೆ ಅಮ್ಮಾ" ಎಂದೆ. ಅವರು ಹೋಗಿ ನಿನ್ನ ಅಕ್ಕನನ್ನು ಕರೆದುಕೊಂಡು ಬಂದರು. ನಿನ್ನ ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು.

ಇಲ್ಲಿ ಎಲ್ಲರೂ ಬಹಳ ವಿಶ್ವಾಸದಿಂದಿದ್ದಾರೆ. ನಿನ್ನೆ ಸಾಹೇಬರ ಅಳಿಯಂದಿರು ಬಂದಿದ್ದರು. ಕಲ್ಯಾಣಮಂಟಪಗಳಿಗೆ ದೀಪ ಹಾಕುವವರು. ಅವರ ದೀಪದಲ್ಲಿ ಎರಡು ಸೆಕೆಂಡಿಗೊಮ್ಮೆ ವಧು ಹಸಿರಾಗುತ್ತಾಳೆ, ವರ ನೇರಳೆಯಾಗುತ್ತಾನೆ, ಬಂದವರಿಗೆ ಯಾರು ಯಾರೆಂದು ಗೊತ್ತಾಗದೆ ಪಕ್ಕದವರ ಕೈಕುಲುಕಿ ಹೋಗುತ್ತಾರೆ. ಅಳಿಯಂದಿರು ಸುಮ್ಮನೆ ನನ್ನ ಕುರ್ಚಿಯಲ್ಲಿ ಕೂತರು. ಎರಡು ಸಲ ಕುಪ್ಪಳಿಸಿದರು. "ಸ್ವಲ್ಪ ಗಟ್ಟಿ ಅಲ್ವಾ ಮಾವಾ?" ಎಂದರು. "ದಿಂಬು ಹಾಕ್ಸೋಣ ಬಿಡಿ" ಎಂದರು ಸಾಹೇಬರು. ನನಗೆ ಇಪ್ಪತ್ತೆರಡು ವರ್ಷದಲ್ಲಿ ಹೊಳೆಯದ ದಿಂಬು ಅವರಿಗೆ ಎರಡೇ ನಿಮಿಷದಲ್ಲಿ ಹೊಳೆಯಿತು. ಆಮೇಲೆ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮಗೆ ಕೊಡೆ ಅಂದ್ರೆ ಇಷ್ಟಾನಾ?" ಎಂದು ಕೇಳಿದರು.

"ಮಳೆ ಬಂದಾಗ ಇಷ್ಟ ಸಾರ್."

"ಹಾಗಲ್ಲ. ಬೇರೆಯವರ ಕೊಡೆ."

ಪ್ರೇಕ್ಷಕರು ಒದ್ದೆ ಕೊಡೆ ಬಿಟ್ಟುಹೋಗುವ ಕೋಣೆಯೊಂದು ಮುಂಬಾಗಿಲ ಪಕ್ಕದಲ್ಲಿ, ಉಡುಪಿನ ಕೋಣೆಯ ಎದುರಿಗಿದೆ. ಅದನ್ನು ತೋರಿಸಿ, ಗಾಳಿ ಚೆನ್ನಾಗಿ ಆಡುತ್ತದೆ ಎಂದು ವರ್ಣಿಸಿದರು. ದೊಡ್ಡವರು ಹೀಗೆ ನಿಂತು ಮಾತಾಡಿಸುವುದು ಅಪರೂಪ.

ಅವಸರವಿಲ್ಲ ಎಂದಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಭಾವ


ಜೂನ್ 14

ಭಾವ,

ಉತ್ತರ ಬಂತು. ಕೆಂಪು ಒಂದು ಗೆರೆ, ಹಸಿರು ಏಳು, ನೀಲಿ ಎರಡು.

ಹೇಗೆ ಬಂತೆಂದು ಕೇಳದಿದ್ದರೂ ಹೇಳುತ್ತೇನೆ, ಅದು ನನ್ನ ಜಾತಕದಲ್ಲಿರುವ ದೋಷ. ನಿಮ್ಮ ಹಾಳೆಯ ಪ್ರಕಾರ ಕೆಂಪು ಗುಂಡಿ ಒಂದು ಗೆರೆ ಏರಿದರೆ ಸಿಗುವುದು ನಾಲ್ಕು ಪಾಲು ಕೆಂಪು, ಒಂದು ಪಾಲು ಹಸಿರು. ಹಸಿರು ಗುಂಡಿ ಕೊಡುವುದು ನಾಲ್ಕು ಪಾಲು ಹಸಿರು, ಜೊತೆಗೆ ಒಂದು ಪಾಲು ಕೆಂಪು, ಒಂದು ಪಾಲು ನೀಲಿ. ನೀಲಿ ಗುಂಡಿ ಕೊಡುವುದು ನಾಲ್ಕು ಪಾಲು ನೀಲಿ, ಒಂದು ಪಾಲು ಹಸಿರು. ನಾನು ಹೇಳಿದ ಹಾಗೆ ನೆಟ್ಟಗೆ ಗೋಡೆ ಹಿಡಿದು ನಡೆಯುವ ಬಾಣಗಳಲ್ಲ ಇವು, ಮೂರೂ ಸ್ವಲ್ಪ ಸ್ವಲ್ಪ ವಾರೆ. ಆದರೂ ತೊಂದರೆಯಿಲ್ಲ. ನಿಮ್ಮ ಚೂರನ್ನು ಮೇಷ್ಟ್ರು ಬಿಳಿ ಕಾಗದದ ಮೇಲಿಟ್ಟು, ಮೇಲಿನಿಂದ ಬೆಳಕು ಬಿಟ್ಟು ಅಳೆದರು. ಕೆಂಪು ಹನ್ನೊಂದು, ಹಸಿರು ಮೂವತ್ತೊಂದು, ನೀಲಿ ಹದಿನೈದು. ಈಗ ಕೂಡಿ ನೋಡಿ. ಒಂದು ಗೆರೆ ಕೆಂಪಿನಿಂದ ನಾಲ್ಕು, ಏಳು ಗೆರೆ ಹಸಿರಿನಲ್ಲಿ ಕದ್ದು ಬಂದ ಏಳು, ಒಟ್ಟು ಹನ್ನೊಂದು ಪಾಲು ಕೆಂಪು. ಉಳಿದ ಎರಡೂ ಹೀಗೆಯೇ ತಾಳೆಯಾಗುತ್ತವೆ.

ಅಕ್ಕ ನನಗೆ ಕಾಗದ ಬರೆದಿದ್ದಾಳೆ. ನೀವು ಈಚೆಗೆ ನಿದ್ದೆಯಲ್ಲಿ "ಕೊಡೆ ಬೇಡ, ಕೊಡೆ ಬೇಡ" ಎನ್ನುತ್ತೀರಂತೆ. ಮಳೆಗಾಲ ಹಿಡಿದಿದೆ ಭಾವ, ಬೇಡ ಎಂದು ಹಟ ಮಾಡಿದರೆ ಹೇಗೆ? ನೆನೆದು ಶೀತ ಮಾಡಿಕೊಳ್ಳಬೇಡಿ. ಅವಳಿಗೆ ನಾನೇನೂ ಬಾಯಿ ಬಿಟ್ಟಿಲ್ಲ.

ನಿಮ್ಮ ನಾದಿನಿ


ಜೂನ್ 17

ಶ್ರೀಮತಿ ಲೆಕ್ಕದವರಿಗೆ,

ಒಂದು ಕೆಂಪು, ಏಳು ಹಸಿರು, ಎರಡು ನೀಲಿ. ನಿನ್ನ ಮೇಲೆ ಎಂಥ ನಂಬಿಕೆ ನನಗೆ! ಮೊದಲು ಒಬ್ಬನೇ ನೋಡಿಕೊಳ್ಳೋಣ ಎನ್ನುವ ಬುದ್ಧಿ ಬರಲಿಲ್ಲ. ಸಾಹೇಬರನ್ನೂ ಅಳಿಯಂದಿರನ್ನೂ ಕರೆದು ಮೊದಲ ಸಾಲಿನಲ್ಲಿ ಕೂರಿಸಿದೆ. ರಾಣಿಯವರನ್ನು ರಂಗದ ನಟ್ಟನಡುವೆ ಮಲಗಿಸಿದೆ. ಗುಂಡಿ ಸರಿಸಿದೆ.

ಬಲಗಡೆ ಚರಂಡಿ ಬಂತು. ಹಸಿರು ಹಸಿರಾಗಿ, ಮೇಲೊಂದು ಕಂದು ಕೆನೆ ಕಟ್ಟಿದ ಹಾಗೆ, ಸಾಕ್ಷಾತ್ ಚರಂಡಿ. ರಾಣಿಯವರು ಮಲಗಿದಲ್ಲಿಂದಲೇ ಕತ್ತೆತ್ತಿ, "ನಾನು ಕೊಳಕ್ಕೆ ಬಿದ್ದು ಸಾಯ್ತೀನಿ ಅಂತ ಒಪ್ಕೊಂಡಿದ್ದೆ. ಇದಕ್ಕೆ ಬೀಳಲ್ಲ. ಹೆಣಕ್ಕೂ ಒಂದು ಮರ್ಯಾದೆ ಅಂತ ಇರುತ್ತೆ" ಎಂದರು. ಅಳಿಯಂದಿರು ಮೂಗು ಮುಚ್ಚಿಕೊಂಡರು. ಬಣ್ಣಕ್ಕೆ ಮೂಗು ಮುಚ್ಚಿಕೊಳ್ಳುವ ಮನುಷ್ಯನನ್ನು ನಾನು ಇದೇ ಮೊದಲು ನೋಡಿದ್ದು. ಸಾಹೇಬರು ಎದ್ದುಹೋಗಿ ಕೊಡೆ ಕೋಣೆಯ ಬಾಗಿಲು ತೆಗೆಸಿ ಗುಡಿಸಲು ಹೇಳಿದರು.

ನಿನ್ನ ಬಾಣ ಎಲ್ಲೋ ನೆಟ್ಟುಕೊಂಡಿದೆ. ಎಲ್ಲಿ ಎಂದು ಈ ಕಾಗದದಲ್ಲಿ ಬರೆಯುವುದಿಲ್ಲ.

ಭಾವ


ಜೂನ್ 20

ಭಾವ,

ನಿಮ್ಮ ಕಾಗದ ಓದಿ ನನಗೂ ಮೇಷ್ಟ್ರಿಗೂ ಜಗಳವಾಯಿತು. ನನ್ನ ಲೆಕ್ಕ ಸರಿ ಎಂದೆ ನಾನು. ನನ್ನ ಯಂತ್ರ ಸರಿ ಎಂದರು ಅವರು. ಕೊನೆಗೆ ಚೂರನ್ನೇ ಸಾಕ್ಷಿಗೆ ಕರೆದೆವು.

ಕಿಟಕಿಯ ಬಳಿ ಹಿಡಿದು ನೋಡಿದರೆ, ಗಾಜಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಕಂದು ಕಲೆ. ಬೆಕ್ಕಿನ ಪಂಜದ ಅಚ್ಚಲ್ಲ, ಲೋಟದ ಅಂಚಿನ ಅಚ್ಚು. ಮೇಷ್ಟ್ರು ಮೂಸಿದರು. ಆಮೇಲೆ, ವಿಜ್ಞಾನದ ಮೇಲಿನ ನಿಷ್ಠೆಯಿಂದ, ನಾಲಿಗೆಯ ತುದಿಯನ್ನೂ ಮುಟ್ಟಿಸಿದರು. "ಹಾಲು ಹಾಕಿದ ಚಹಾ ಮೇಡಂ. ಸಕ್ಕರೆ ಮೂರು ಚಮಚಕ್ಕೆ ಕಮ್ಮಿ ಇಲ್ಲ" ಎಂದರು.

ಭಾವ, ಅಕ್ಕ ನಿಮಗೆ ಸಕ್ಕರೆ ಬಿಡಿಸಿ ಎರಡು ವರ್ಷವಾಯಿತು. ವಾಸನೆ ಉಡುಪಿನ ಕೋಣೆಗೆ ಹೋಗದಿರಲಿ ಎಂದು ನೀವು ಲೋಟಕ್ಕೆ ಕೊಳದ ಗಾಜನ್ನು ಮುಚ್ಚಳ ಮಾಡಿಕೊಂಡಿದ್ದಿರಿ. ಅವಳ ಹೆಜ್ಜೆ ಸಪ್ಪಳ ಕೇಳಿ ಮುಚ್ಚಳವನ್ನು ಎತ್ತಲು ಹೋದಿರಿ. ಆಮೇಲೆ ಆದದ್ದಕ್ಕೆ ಮಾತು ಬಾರದ ಒಂದು ಪ್ರಾಣಿಯ ಮೇಲೆ ಅಪವಾದ ಹೊರಿಸಿದಿರಿ. ನಾನು ಬೆರೆಸಿಕೊಟ್ಟ ಬಣ್ಣದಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ನೀವು ಕೇಳಿದ್ದು ಕೊಳ, ಕಳಿಸಿದ್ದು ಕೊಳದ ಮೇಲೆ ಚೆಲ್ಲಿದ ಚಹಾ.

ಚೂರನ್ನು ತೊಳೆದು, ಈ ಸಲ ಬೆಳಕಿಗೆ ಅಡ್ಡ ಹಿಡಿದು ಅಳೆದೆವು. ಕೆಂಪು ಸೊನ್ನೆ, ಹಸಿರು ಮೂವತ್ತನಾಲ್ಕು, ನೀಲಿ ಇಪ್ಪತ್ತನಾಲ್ಕು. ಎಂಥ ಅಪ್ಪಟ ಬಣ್ಣ ಭಾವ! ಕೆಂಪಿನ ಸುಳಿವೇ ಇಲ್ಲ. ನೀವು ಯಾಕೆ ಅದಕ್ಕೆ ಉಸಿರು ಕಟ್ಟುತ್ತದೆ ಎಂದಿರೋ ಈಗ ತಿಳಿಯಿತು.

ಉತ್ತರ: ಹಸಿರು ಎಂಟು ಗೆರೆ, ನೀಲಿ ನಾಲ್ಕು, ಕೆಂಪು ಮೈನಸ್ ಎರಡು.

ಇದೊಂದೇ ಉತ್ತರ. ಬೇರೆ ಉತ್ತರ ಇಲ್ಲವೇ ಇಲ್ಲ ಎಂದು ಸಾಧಿಸಿ ತೋರಿಸಬಲ್ಲೆ. ಅಕ್ಕನಿಗೆ ಹೇಳುವುದಿಲ್ಲ. ಬೆಕ್ಕಿನ ಕ್ಷಮೆ ಕೇಳಿ.

ನಿಮ್ಮ ನಾದಿನಿ


ಜೂನ್ 22

ನಾದಿನಿಗೆ,

ಚಹಾದ ವಿಷಯದಲ್ಲಿ ನನ್ನ ಬಾಯಿ ಕಟ್ಟಿದೆ. ನಿನ್ನ ಮೇಷ್ಟ್ರ ನಾಲಿಗೆಗೆ ನಮಸ್ಕಾರ.

ಹಸಿರು ಎಂಟು, ಇಟ್ಟೆ. ನೀಲಿ ನಾಲ್ಕು, ಇಟ್ಟೆ. ಕೆಂಪು ಗುಂಡಿಯನ್ನು ಸೊನ್ನೆಗೆ ತಂದೆ. ಅಲ್ಲಿಂದ ಕೆಳಗೆ ಎರಡು ಗೆರೆ ಎಳೆಯಬೇಕಲ್ಲ, ಎಳೆದೆ. ಗುಂಡಿ ಕಿತ್ತು ಕೈಗೆ ಬಂತು. ಅಂಟು ಹಾಕಿ ಕೂರಿಸಿದ್ದೇನೆ. ಮೈನಸ್ ಕೆಂಪು ಎಂದರೆ ಏನಮ್ಮಾ? ಬಿದ್ದ ಬೆಳಕನ್ನು ಹೀರಿಕೊಳ್ಳುವ ದೀಪವನ್ನು ನಾನು ಎಲ್ಲಿಂದ ತರಲಿ? ಈ ಕಡೆ ಸೊನ್ನೆ ಇಟ್ಟರೂ, ಡಬ್ಬದ ಹಾಳೆಯೇ ಹೇಳುವ ಹಾಗೆ, ಹಸಿರಿನ ಹೊಟ್ಟೆಯಲ್ಲಿ ಕದ್ದು ಬಂದ ಎಂಟು ಪಾಲು ಕೆಂಪು ಅಲ್ಲೇ ಕೂತಿರುತ್ತದೆ. ಎಡಗಡೆ ಆಳ ಕೊಳ, ಬಲಗಡೆ ಸ್ನಾನದ ತೊಟ್ಟಿ.

ಇಷ್ಟು ದಿನ ತಮಾಷೆಯಲ್ಲಿ ಸುತ್ತಿಟ್ಟದ್ದನ್ನು ಈಗ ಬಿಚ್ಚಿ ಹೇಳುತ್ತೇನೆ. ಅಲುಗಾಡುತ್ತಿರುವುದು ಕುರ್ಚಿಯ ಕಾಲಲ್ಲ. ಇಪ್ಪತ್ತೊಂಬತ್ತರ ಆಟದಲ್ಲಿ ಎಡ ಬಲ ಒಂದೇ ಆಗಿ ಕಾಣದಿದ್ದರೆ ಮೂವತ್ತರಿಂದ ಅಳಿಯಂದಿರು ದೀಪಕ್ಕೆ, ನಾನು ಕೊಡೆ ಕೋಣೆಗೆ. ಸಾಹೇಬರು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. "ನಿಮಗೂ ಐವತ್ತಮೂರಾಯ್ತು, ಹೊಸದು ಕೈಗೆ ಹತ್ತಲ್ಲ, ಅದು ನಿಮ್ಮ ತಪ್ಪಲ್ಲ" ಎಂದು ಮೆತ್ತಗೆ ಹೇಳಿದರು. ಅದೇ ಚುಚ್ಚುತ್ತಿದೆ. ಕತ್ತಲಲ್ಲಿ ಕೂತು ನಾನು ಒಂದು ಬೆರಳು ಸರಿಸಿದರೆ ಆರುನೂರು ಜನ ಉಸಿರು ಹಿಡಿದುಕೊಳ್ಳುತ್ತಾರೆ. ಬೇರೆ ಯಾವ ಕೆಲಸವೂ ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ನಿನ್ನ ಅಕ್ಕನಿಗೆ ಇನ್ನೂ ಹೇಳಿಲ್ಲ. ದಿನವೂ ಅವಳ ಎದುರಿಗೇ ಕೊಡೆ ಎಣಿಸಿಕೊಂಡು ನಿಲ್ಲುವುದು ನನ್ನಿಂದಾಗದು.

ಏನಾದರೂ ಮಾಡು.

ಭಾವ


ಜೂನ್ 23

ಭಾವ,

ಲೆಕ್ಕ ಮೂರು ಸಲ ಮಾಡಿದೆ. ಸರಿಯಿದೆ. ಲೆಕ್ಕದ ಪ್ರಕಾರ ಉತ್ತರವಿದೆ, ದೀಪದ ಪ್ರಕಾರ ಇಲ್ಲ. ನನಗೆ ಯೋಚಿಸಲು ಎರಡು ದಿನ ಕೊಡಿ. ಕೊಡೆಯ ಬಗ್ಗೆ ಏನೇನೋ ಬರೆದಿದ್ದೆ, ಕ್ಷಮಿಸಿ. ನಾನೊಂದು ಶುದ್ಧ ಕತ್ತೆ.

ನಾದಿನಿ


ಜೂನ್ 26

ಭಾವ,

ಸಿಕ್ಕಿತು! ಕೂತು ಓದಿ. ನಿಮ್ಮದೇ ಕುರ್ಚಿಯಲ್ಲಿ ಕೂತು ಓದಿ.

ಇವತ್ತು ಬೆಳಿಗ್ಗೆ ಖಾಲಿ ತರಗತಿಯಲ್ಲಿ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಎಡದೀಪ = ಎಂಟು ಹಸಿರು + ನಾಲ್ಕು ನೀಲಿ − ಎರಡು ಕೆಂಪು. ಹಿಂದಿನ ಬೆಂಚಿನಲ್ಲಿ ಕೂತು ಅದನ್ನೇ ನೋಡಿದೆ. ನೋಡುತ್ತ ನೋಡುತ್ತ ಅದು ಕರಿಹಲಗೆಯಾಗಿ ಕಾಣಲಿಲ್ಲ, ನಿಮ್ಮ ರಂಗವಾಗಿ ಕಂಡಿತು. ಈ ಕಡೆ ಒಂದು ದೀಪ, ಆ ಕಡೆ ಒಂದು ದೀಪ, ನಡುವೆ ಅಡ್ಡಡ್ಡ ಮಲಗಿರುವ ಸಮ ಚಿಹ್ನೆ. ಅದು ನಿಮ್ಮ ರಾಣಿ ಭಾವ! ಅವರ ಎರಡು ಕೆನ್ನೆ ಒಂದೇ ಆಗಬೇಕು, ಅಷ್ಟೇ ತಾನೆ ಸಾಹೇಬರು ಕೇಳಿದ್ದು? ಬಲಗೆನ್ನೆಯ ಮೇಲೆ ಎರಡು ಕೆಂಪು ಕಳೆಯಲಾಗದಿದ್ದರೆ ಎಡಗೆನ್ನೆಗೆ ಎರಡು ಕೆಂಪು ಕೂಡಿ. ಈ ಕಡೆಯ ಮೈನಸ್ ಆ ಕಡೆ ದಾಟಿದರೆ ಪ್ಲಸ್.

ಏಳನೇ ತರಗತಿಯ ಪಾಠ ಇದು. ನನಗೆ ಮೂರು ದಿನ ಹಿಡಿಯಿತು, ಏಕೆಂದರೆ ನಾನು ಅದಕ್ಕಿಂತ ಬಹಳ ಮುಂದೆ ಓದಿಬಿಟ್ಟಿದ್ದೇನೆ. ಬಲಗಡೆಯದನ್ನು ಹೇಗಾದರೂ ಎಡಗಡೆಯಂತೆ ಮಾಡಬೇಕು ಎಂದು ನೀವು ಹೇಳಿದ್ದನ್ನೇ ಹಿಡಿದು ಜೋತಾಡುತ್ತಿದ್ದೆ. ಎಡಗಡೆಯದನ್ನು ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ. ಅದನ್ನು ದೇವರ ಹಾಗೆ ದೂರ ಇಟ್ಟವರು ನೀವು.

ಈ ಕಾಗದ ಆಟಕ್ಕೆ ಮುಂಚೆ ತಲುಪಲಿ.

ನಾದಿನಿ


ಜೂನ್ 26

ನಾದಿನಿಗೆ,

ನಿನ್ನ ಎರಡು ದಿನ ನಿನ್ನ ಬಳಿಯೇ ಇರಲಿ, ಕೆಲಸ ಆಯಿತು. ಹೇಳಿಕೊಟ್ಟವಳು ನಿನ್ನ ಅಕ್ಕ.

ನಿನ್ನ ಕಾಗದಗಳನ್ನು ನಾನು ಯಾರೂ ಕೈಹಾಕದ ಜಾಗದಲ್ಲಿ, ನಾಟಕದಲ್ಲಿ ಸಾಯುವ ರಾಜನ ಕೋಟಿನ ಒಳಜೇಬಿನಲ್ಲಿ ಬಚ್ಚಿಟ್ಟಿದ್ದೆ. ಆ ಕೋಟನ್ನು ವಾರಕ್ಕೊಮ್ಮೆ ಇಸ್ತ್ರಿ ಮಾಡುವವಳು ಅವಳೇ ಎಂದು ಹೊಳೆಯಬೇಕಿತ್ತು. ನೀನು ಮೊದಲ ಕಾಗದ ಬರೆದಾಗಿನಿಂದ ಒಂದೂ ಬಿಡದೆ ಓದಿದ್ದಾಳೆ. ಚಹಾದ ಕಾಗದವನ್ನು ಎರಡು ಸಲ ಓದಿದ್ದಾಳೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದರೆ, "ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ" ಎಂದಳು.

ನಿನ್ನೆ, ಮತ್ತೆ ಕಿತ್ತು ಬಂದ ಕೆಂಪು ಗುಂಡಿಗೆ ಅಂಟು ಹಚ್ಚುತ್ತ ಕೂತಿದ್ದೆ. ಬಂದು ಆ ಕೋಟನ್ನು ನನ್ನ ಮಡಿಲಿಗೆ ಎಸೆದಳು.

"ಇದು ನನ್ನ ಕೈಗೆ ಬಂದಾಗ ಬಲತೋಳು ಎರಡು ಬೆರಳು ಗಿಡ್ಡ ಇತ್ತು. ಉದ್ದ ಮಾಡಕ್ಕೆ ಬಟ್ಟೆ ಇಲ್ಲ. ಏನ್ ಮಾಡ್ದೆ ಹೇಳಿ?"

"ಏನ್ ಮಾಡ್ದೆ?"

"ಎಡತೋಳನ್ನೂ ಎರಡು ಬೆರಳು ಕತ್ತರಿಸ್ದೆ. ಹತ್ತು ವರ್ಷ ಆಯ್ತು. ರಾಜ ಯಾಕೆ ಮಣಿಕಟ್ಟು ತೋರಿಸ್ಕೊಂಡು ಓಡಾಡ್ತಾನೆ ಅಂತ ಒಬ್ರಾದ್ರೂ ಕೇಳಿದ್ರಾ? ಎರಡೂ ಒಂದೇ ಸಮ ಇದ್ರೆ ಯಾರೂ ಕೇಳಲ್ಲ ಕಣ್ರೀ."

"ಅದು ತೋಳು ಕಣೇ, ಇದು ಬೆಳಕು."

"ನಿಮ್ಮ ಬೆಳಕಿಗೇನು ಕೊಂಬಿದೆಯಾ? ಆ ಕಡೆ ಕೆಂಪು ತೆಗೆಯಕ್ಕಾಗಲ್ಲ ಅಂದ್ರೆ ಈ ಕಡೆ ಹಾಕಿ."

ತಕ್ಷಣ ಒಪ್ಪಲಿಲ್ಲ ನಾನು. ಚೆನ್ನಾಗಿರುವ ದೀಪವನ್ನು ಕೈಯಾರೆ ಕೆಡಿಸು ಎಂದಳಲ್ಲ! ಇಪ್ಪತ್ತೆರಡು ವರ್ಷದ ಕೊಳ ಉಳಿದಿದ್ದುದು ಅದೊಂದರಲ್ಲೇ. ಆ ದೀಪ ಹಚ್ಚಿ, ಖಾಲಿ ರಂಗದ ಮೇಲೆ ಒಬ್ಬನೇ ಕೊಳದ ತಳದಲ್ಲಿ ಒಂದು ಗಳಿಗೆ ನಿಂತಿದ್ದೆ. ನಿನ್ನ ಅಕ್ಕ ಬಾಗಿಲಲ್ಲೇ ಕಾದಳು. ಕರೆಯಲಿಲ್ಲ, ರೇಗಲಿಲ್ಲ.

ಆಮೇಲೆ ಹಳೆಯ ಸಣ್ಣ ದೀಪವೊಂದಕ್ಕೆ ಬೆಳಕು ತೂರುವ ಕೆಂಪು ಹಾಳೆ ಸಿಕ್ಕಿಸಿದೆ. ಅವಳು ಉಡುಪುಗಳಿಗೆ ಲೈನಿಂಗ್ ಹಾಕುವ ಬಿಳಿ ಬಟ್ಟೆಯ ಥಾನನ್ನು ಗೋಡೆಗೆ ಇಳಿಬಿಟ್ಟು, ಒಂದು ಪಕ್ಕಕ್ಕೆ ಹೊಸ ದೀಪದ ಎರಡು ಗೆರೆ ಕೆಂಪು, ಇನ್ನೊಂದು ಪಕ್ಕಕ್ಕೆ ಈ ಸಣ್ಣ ದೀಪ. ಎರಡೂ ಒಂದೇ ಆಗುವವರೆಗೆ ಮಂದ ಮಾಡಿದೆ. ಅದನ್ನು ಎಡಗಡೆಯ ಕೊಳದ ಮೇಲೆ ಬಿಟ್ಟೆ. ಬಲಕ್ಕೆ ನಿನ್ನ ಎಂಟು ಹಸಿರು, ನಾಲ್ಕು ನೀಲಿ. ರಂಗದ ನಡುವೆ ಎರಡು ಬಣ್ಣ ಬೇರೆಯಾಗುವ ಗೀಟನ್ನು ಹುಡುಕಿದೆ. ಸಿಗಲಿಲ್ಲ. ಕೊಳ ಸ್ವಲ್ಪ ತಿಳಿಯಾಗಿದೆ, ಆಳ ಕಡಿಮೆಯಾಗಿದೆ. ಆದರೆ ಒಂದೇ ಕೊಳ.

ಇವತ್ತು ಇನ್ನೊಂದು ಕೆಲಸವೂ ಆಯಿತು. ಬೆಕ್ಕಿನ ಪರವಾಗಿ ನಿನ್ನ ಅಕ್ಕ ವಕಾಲತ್ತು ವಹಿಸಿ, ನನ್ನನ್ನು ಸಾಹೇಬರ ಕೋಣೆಗೆ ನೂಕಿದಳು. ಗಾಜು ಒಡೆದದ್ದು ನಾನು ಎಂದು ಹೇಳಿದೆ. "ಗೊತ್ತು" ಎಂದರು. "ನಮ್ಮ ಬೆಕ್ಕು ಸಕ್ಕರೆ ಹಾಕ್ಕೊಂಡು ಕುಡಿಯಲ್ಲ. ಇಪ್ಪತ್ತೊಂಬತ್ತಕ್ಕೆ ನೋಡೋಣ." ಮುಖದಲ್ಲಿ ಕರುಣೆ ಇರಲಿಲ್ಲ.

ಭಾವ


ಜೂನ್ 30

ನಾದಿನಿಗೆ,

ನಿನ್ನ ಕಾಗದ ಇಪ್ಪತ್ತೆಂಟರ ಬೆಳಿಗ್ಗೆ ಬಂತು. ನಿನ್ನ ಅಕ್ಕ ಓದಿ, "ಇಷ್ಟುದ್ದ ಬರೆದಿದ್ದಾಳಲ್ಲಾ, ತೋಳು ಅಂದಿದ್ರೆ ಮುಗೀತಿತ್ತು" ಎಂದಳು. ಆದರೆ ಸಮ ಚಿಹ್ನೆಯ ಭಾಗವನ್ನು ರಾಣಿಯವರಿಗೆ ಓದಿ ಹೇಳಿದ್ದೂ ಅವಳೇ. ಇಷ್ಟು ವರ್ಷ ರಾಜಮಾತೆ, ರಾಣಿ, ದೇವಿ ಎಲ್ಲ ಆಗಿದ್ದೇನೆ, ಚಿಹ್ನೆ ಆಗಿರಲಿಲ್ಲ ಎಂದು ಅವರಿಗೆ ಹೆಮ್ಮೆ.

ಅವತ್ತೇ ಕೊನೆಯ ತಾಲೀಮು. ಸಾಹೇಬರು ಅಳಿಯಂದಿರನ್ನು ರಂಗದ ಮುಂದೆ ನಿಲ್ಲಿಸಿ, "ಹೊಸ ದೀಪ ಯಾವ ಕಡೆ ಇದೆ, ಬೆಳಕು ನೋಡಿ ಹೇಳಿ ನೋಡೋಣ" ಎಂದರು. ಅಳಿಯಂದಿರು ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು, ಎರಡನ್ನೂ ಮುಚ್ಚಿ ಯೋಚಿಸಿದರು. ಕೊನೆಗೆ ಎಡಗಡೆ ಬೆರಳು ತೋರಿಸಿ, "ಇದೇ ಮಾವಾ. ನಮ್ಮ ಹೊಸ ದೀಪಗಳ ಗುಣಾನೇ ಇದು, ಒಂಚೂರು ಕೆಂಪು ಕಾಣುತ್ತೆ" ಎಂದರು. ನಾನು ಕೆಮ್ಮು ಬಂದವನಂತೆ ಹೊರಗೆ ಹೋದೆ.

ರಾಣಿಯವರು ಕನ್ನಡಿ ತರಿಸಿಕೊಂಡು ಕೊಳದ ತಳದಲ್ಲಿ ಮಲಗಿಯೇ ಮುಖ ನೋಡಿಕೊಂಡರು. "ದೀಪದಣ್ಣ, ಇಷ್ಟು ವರ್ಷ ನನ್ನನ್ನ ನೀರಿಗೆ ಬೀಳೋಕೆ ಮುಂಚೇನೇ ಸಾಯಿಸಿಬಿಡ್ತಿದ್ರಲ್ಲಾ! ಇವತ್ತು ಮುಖದಲ್ಲಿ ಸ್ವಲ್ಪ ರಕ್ತ ಇದೆ" ಎಂದರು. ಆ ಎರಡು ಗೆರೆ ಕೆಂಪಿನ ಕೆಲಸ ಅದು. ನನ್ನ ಅಪ್ಪಟ ಕೊಳದಲ್ಲಿ ಅವರು ಹೆಣದ ಹಾಗೆ ಕಾಣುತ್ತಿದ್ದರೆಂದು ಇಪ್ಪತ್ತೆರಡು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಮೇಲೆ ಕೂತ ನಾನು ನೀರು ನೋಡುತ್ತಿದ್ದೆ, ಮುಖ ನೋಡಿರಲಿಲ್ಲ.

ನಿನ್ನೆ ಮಧ್ಯಾಹ್ನ ನಾಲ್ಕಕ್ಕೆ ಆಟ. ಮಂದಿರ ಭರ್ತಿ. ಸಾಹೇಬರು ಕೆಳಗೆ ಕೂರಲಿಲ್ಲ. ಒಂದು ಸ್ಟೂಲು ತರಿಸಿಕೊಂಡು ನನ್ನ ಪಕ್ಕದಲ್ಲೇ, ಮೊಣಕೈಗೆ ಮೊಣಕೈ ತಾಗುವಂತೆ ಕೂತರು. "ಕೊಳದ ಸೀನಲ್ಲಿ ಗೀಟು ಕಂಡ್ರೆ ಅಲ್ಲೇ ಹೇಳ್ತೀನಿ" ಎಂದರು. ಹೇಳಲು ಬೆರಳನ್ನು ಆಗಲೇ ಎತ್ತಿ ಇಟ್ಟುಕೊಂಡಿದ್ದರು. ಮೊದಲ ಅಂಕ ಮುಗಿಯಿತು, ಎರಡನೆಯದು ಮುಗಿಯಿತು, ಬೆರಳು ಇಳಿಯಲಿಲ್ಲ. ಅಂಟು ಹಾಕಿದ ಗುಂಡಿ ಇನ್ನೊಮ್ಮೆ ಕೈಗೆ ಬರುತ್ತದೇನೋ ಎಂದು ಅದೊಂದನ್ನು ಮುಟ್ಟದೆ ಕೂತಿದ್ದೆ.

ಮೂರನೇ ಅಂಕ. ರಾಣಿಯವರು ದಡದ ಮೇಲೆ ನಿಂತರು. ಕೊನೆಯ ಮಾತು ಆಡಿದರು. ಹಾರಿದರು. ನಾನು ಬೆರಳು ಸರಿಸಿದೆ, ನೀರು ಬಂತು. ಆರುನೂರು ಜನ ಉಸಿರು ಹಿಡಿದುಕೊಂಡರು. ನಾನೂ ಹಿಡಿದುಕೊಂಡಿದ್ದೆ, ಬೇರೆ ಕಾರಣಕ್ಕೆ. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ದೀಪ ಮೆಲ್ಲಗೆ ಆರಿಸಿದೆ. ಅರಮನೆ ಬಂತು, ಮಂತ್ರಿ ಬಂದ, ಶೋಕ ಶುರುವಾಯಿತು. ಸಾಹೇಬರು ಮಾತ್ರ ಬೆರಳು ಎತ್ತಿಕೊಂಡೇ ಕಣ್ಣು ಒರೆಸುತ್ತಿದ್ದರು. ಬಹಳ ಹೊತ್ತಾದ ಮೇಲೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು.

"ಅದೇನ್ರೀ, ಕೊಳ ಯಾವಾಗ ಬರುತ್ತೆ?"

"ಬಂದು ಹೋಗಿ ಎಂಟು ನಿಮಿಷ ಆಯ್ತು ಸಾರ್. ರಾಣಿಯವರು ಸತ್ತು, ಒಳಗೆ ಹೋಗಿ ಮುಖ ತೊಳ್ಕೊಂಡಿರ್ತಾರೆ."

ಸಾಹೇಬರು ಬೆರಳನ್ನು ನೋಡಿಕೊಂಡರು. ಮಡಚಿ ಜೇಬಿಗೆ ಹಾಕಿಕೊಂಡರು. "ಮುಂದಿನ ತಿಂಗಳ ನಾಟಕದಲ್ಲಿ ಬೆಂಕಿ ಇದೆ, ನೀವೇ ನೋಡ್ಕೊಳಿ" ಎಂದು ಹೇಳಿ ಸ್ಟೂಲು ಎತ್ತಿಕೊಂಡು ಹೋದರು.

ನಿನಗೂ ನಿನ್ನ ಅಕ್ಕನಿಗೂ ದೊಡ್ಡ ನಮಸ್ಕಾರ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಇಷ್ಟು ಚೆನ್ನಾಗಿ ನೋಡದೆ ಇದ್ದದ್ದು ಇದೇ ಮೊದಲು.

ನಿನ್ನ ಭಾವ